ಸಾಕ್ಷಿಗೆ ಬಂದ ಕೋಟು

ಠಾಣೆಯ ದೊಡ್ಡ ಸಾಹೇಬರಿಗೆ ನಿಮ್ಮ ದರ್ಜಿಯ ನಮಸ್ಕಾರಗಳು.

ಬೇಲಿ ಕತ್ತರಿಸಿ ನಮ್ಮವರಲ್ಲಿ ಮೂವರನ್ನು ನಿಮ್ಮ ಸೆರೆಯಿಂದ ಬಿಡಿಸಿದವನು ಬಿಟ್ಟುಹೋದ ಕೋಟು ತಲುಪಿತು. ಇದನ್ನು ಯಾರಿಗೆ ಹೊಲಿದದ್ದು ಎಂದು ಬರೆದು ತಿಳಿಸಲು ಹೇಳಿದ್ದೀರಿ.

ಹೊಲಿಗೆ ನನ್ನದೇ. ಗುಂಡಿಯ ಕಾಜಾ ನೋಡಿದೊಡನೆ ಗೊತ್ತಾಯಿತು. ಯಾರಿಗೆ ಹೊಲಿದೆ ಎಂಬುದೂ ನೆನಪಿದೆ. ಮರೆತೆ ಎಂದು ಸುಳ್ಳು ಹೇಳಲು ನಾಲಿಗೆ ಹೊರಳುತ್ತಿಲ್ಲ. ನನ್ನ ಮಗಳು ಹುಟ್ಟುವಾಗ, ನಿಮ್ಮವರೆಲ್ಲ ಬೇಡವೆಂದರೂ, ಹೆಂಡತಿಯನ್ನು ನಿಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದವರು ನೀವು. ಆದರೂ ಹೆಸರು ಹೇಳಲಾರೆ. ನೀವು ಒಂದು ದಿನ ಹಡಗು ಹತ್ತಿ ನಿಮ್ಮ ದೇಶಕ್ಕೆ ಹೋಗುತ್ತೀರಿ. ನಾನು ಇದೇ ಬೀದಿಯಲ್ಲಿ ಅವನ ತಾಯಿಯ ಮುಖ ನೋಡಿಕೊಂಡು ಬದುಕಬೇಕು.

ಇನ್ನೊಂದು ತಪ್ಪೂ ಆಗಿದೆ. ಕೋಟಿನ ತೋಳು ಬೇಲಿಗೆ ಸಿಕ್ಕಿ ಹರಿದಿತ್ತು. ಏನು ಬರೆಯಲಿ ಎಂದು ಯೋಚಿಸುತ್ತಾ ಕೂತಿದ್ದಾಗ ಕೈ ತಾನಾಗಿ ಸೂಜಿ ಹಿಡಿದು ಅದನ್ನು ಹೊಲಿದುಬಿಟ್ಟಿದೆ. "ಅಯ್ಯೋ, ಅದು ಸಾಕ್ಷಿ ಕಣ್ರೀ! ಹರಿದದ್ದು ಕಂಡ್ರೆ ನಿಮ್ಗೆ ಸುಮ್ನಿರೋಕೇ ಆಗಲ್ವಾ?" ಎಂದು ಹೆಂಡತಿ ತಲೆ ಚಚ್ಚಿಕೊಂಡಳು. ಈಗ ಹರಿದ ಜಾಗ ಹುಡುಕಿದರೂ ಸಿಗುವುದಿಲ್ಲ. ಕೆಲಸ ಅಷ್ಟು ಚೆನ್ನಾಗಿ ಬಂದಿದೆ.

ನನ್ನನ್ನು ಹಿಡಿದು ತರಲು ಪೇದೆಗಳನ್ನು ಕಳಿಸುವುದಾದರೆ ದಯವಿಟ್ಟು ಬುಧವಾರ ಕಳಿಸಿ. ಊರಿಗೆ ಹೋಗುವಾಗ ಹಾಕಿಕೊಳ್ಳಲೆಂದು ನೀವು ಹೊಲಿಯಲು ಕೊಟ್ಟ ಸೂಟಿಗೆ ಎಡತೋಳು ಕೂರಿಸುವುದು ಬಾಕಿ ಇದೆ. ಮಂಗಳವಾರ ಹಾಕಿ ನೋಡಲು ನೀವೇ ಬನ್ನಿ. ಮಗಳಿಗೆ ಈಗ ನಡೆಯಲು ಬರುತ್ತದೆ. ಯಾರು ಬಂದರೂ ಬಾಗಿಲಿಗೆ ಮೊದಲು ಓಡುವವಳು ಅವಳೇ.

ಇಂತಿ,
ನಿಮಗೂ ಅವನಿಗೂ ಹೊಲಿದ ದರ್ಜಿ