‘ರು’ ಅಕ್ಷರಕ್ಕೊಂದು ಹಾಡು

ಹೊಳಲ್ಕೆರೆ
4 ಫೆಬ್ರುವರಿ 2025

ಹೇಮಾ,

ಕಾಲೇಜು ಬಿಟ್ಟಂದಿನಿಂದ ನಿನಗೆ ಬರೆದ ಪ್ರತಿ ಪತ್ರದಲ್ಲೂ ಹೆಸರಿನ ಹಿಂದೆ ‘ಪ್ರೀತಿಯ’ ಎಂದಿರುತ್ತಿತ್ತು. ಈ ಸಲವೂ ಬರೆದೆ. ಹೊಡೆದು ಹಾಕಿ ಬೇರೆ ಹಾಳೆ ತೆಗೆದುಕೊಂಡೆ.

ಜನವರಿ ಇಪ್ಪತ್ತಾರರ ಸಂಜೆ, ಹೊಸದುರ್ಗದಲ್ಲಿ, ನಿಮ್ಮ ಬೆಳಗು ಮಹಿಳಾ ಬಳಗದ ಹಾಡಿನ ಸ್ಪರ್ಧೆಯಲ್ಲಿ ತೀರ್ಪುಗಾರಳಾಗಿ ಕೂತಿದ್ದ ನೀನು, ನನ್ನ ತಮ್ಮ ರಾಜಶೇಖರನ ಮಗಳು ಬಿಂದುವನ್ನು ಮೈಕಿನಲ್ಲಿ ಸುಳ್ಳುಗಾತಿ ಮಾಡಿದೆ. ಅವಳು ಅಲ್ಲಿ ನಿಜ ಹೇಳಿದ್ದಳು. ಈ ಪತ್ರ ಅದಕ್ಕಾಗಿ.

ನಿಯಮ ನಿಮ್ಮದೇ. ಡಬ್ಬಿಯಿಂದ ಚೀಟಿ ಎತ್ತಬೇಕು, ಬಂದ ಅಕ್ಷರದಿಂದ ಹೆಸರು ಶುರುವಾಗುವ ಹಾಡು ಹೇಳಬೇಕು. ‘ಯಾವ ಭಾಷೆಯಾದರೂ ಸರಿ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದವರೂ ನೀವೇ. ಬಿಂದುವಿಗೆ ‘ರು’ ಬಂತು. ಅದಕ್ಕೂ ಮೊದಲು ಅದೇ ಅಕ್ಷರ ಬಂದವರು ಕೈಚೆಲ್ಲಿ ಕೂತಿದ್ದರು. ಬಿಂದು ಹಾಡಿನ ಹೆಸರು ಹೇಳಿ, ಜಪಾನಿ ಹಾಡು ಅಂತಲೂ ಹೇಳಿ, ಎರಡು ಸಾಲು ಹಾಡಿದಳು. ನೀನು ಕೈ ಎತ್ತಿ ನಿಲ್ಲಿಸಿದೆ.

“ಯಾರಮ್ಮ ಹಾಡಿರೋದು ಇದನ್ನ?”

“ಯಾರೂ ಹಾಡಿಲ್ಲ ಮೇಡಂ. ಕಂಪ್ಯೂಟರ್ ಹಾಡುತ್ತೆ.”

“ಹೌದಾ? ಯಾವೂರು ಅದ್ರದ್ದು, ಇಲ್ಲೇ ಪಕ್ಕದ ಶ್ರೀರಾಂಪುರಾನಾ?”

ಸಭೆ ನಕ್ಕಿತು. ನಗು ಸಿಕ್ಕಿದ ಮೇಲೆ ನಿನಗೆ ನಿಲ್ಲಿಸುವುದಕ್ಕೆ ಆಗಲಿಲ್ಲ. “ಬಾಯಿಗೆ ಬಂದದ್ದು ಒದರಿ ಹಾಡು ಅಂದ್ರೆ ನಂಬಾಕೆ ನಾವೇನು ದಡ್ಡರಾ? ಸುಳ್ಳು ಹಾಡು ಕಟ್ಕಂಡು ಬಂದವ್ಳೆ ನೋಡ್ರಿ. ಸೊನ್ನೆ ಬರ್ಕಳ್ರಿ.” ನಾನು ಎದ್ದು ನಿಲ್ಲುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು.

ಹಾಡಿದವರು ಇಂಥವರು ಎಂದು ಬಾಯಿಗೆ ಬಂದ ಒಂದು ಜಪಾನಿ ಹೆಸರು ಹೇಳಿದ್ದರೆ ಹುಡುಗಿಗೆ ಪೂರ್ತಿ ಅಂಕ ಸಿಗುತ್ತಿತ್ತು, ಯೋಚಿಸು. ಅಲ್ಲಿದ್ದ ಯಾರಿಗೆ ಗೊತ್ತಾಗುತ್ತಿತ್ತು?

ನಿನಗೆ ತಿಳಿಯದ್ದನ್ನು ಈಗ ತಿಳಿದುಕೋ. ಬಿಂದು ಹಾಡಿದಂಥವನ್ನು ವೋಕಲಾಯ್ಡ್ ಹಾಡುಗಳು ಎನ್ನುತ್ತಾರೆ. ಮಾತೂ ರಾಗವೂ ಮನುಷ್ಯರದೇ. ಹಾಡುವುದು ಮಾತ್ರ ಕಂಪ್ಯೂಟರು, ಯಾರದೋ ದನಿಯ ಚೂರುಗಳನ್ನು ಪೋಣಿಸಿಕೊಂಡು. ಸಾವಿರಾರು ಇವೆಯಂತೆ. ಅವನ್ನೆಲ್ಲ ಹೆಸರಿನ ಮೊದಲ ದನಿಯ ಪ್ರಕಾರ ಜೋಡಿಸಿಟ್ಟ ಒಂದು ಜಾಲತಾಣವಿದೆ. ಅ ಇ ಉ ಎ ಒ, ಆಮೇಲೆ ಕ ಕಿ ಕು ಕೆ ಕೊ; ನೀನೂ ನಾನೂ ಸ್ಲೇಟಿನ ಮೇಲೆ ತಿದ್ದಿದ ಕಾಗುಣಿತದ ಹಾಗೆಯೇ. ದಸರೆಗೂ ಮೊದಲೇ, ಸ್ಪರ್ಧೆಯ ಕಷ್ಟದ ಅಕ್ಷರಗಳಿಗೆ ಹಾಡು ಹುಡುಕುತ್ತಿದ್ದಾಗ ಒಬ್ಬ ಗೆಳತಿ ಅದನ್ನು ಬಿಂದುವಿಗೆ ತೋರಿಸಿದಳಂತೆ. ಯಾರು ಅಂತ ಕೇಳಿದೆ. ಹೇಳಲಿಲ್ಲ.

ದಸರಾ ರಜೆಗೆ ನಮ್ಮ ಮನೆಗೆ ಬಂದಾಗ ಅದೇ ಅವಳ ಆಟ. “ಅತ್ತೆ, ಒಂದು ಅಕ್ಷರ ಹೇಳು” ಅನ್ನುವಳು. ನಾನು ಹೇಳಿದ ಅಕ್ಷರ ಒತ್ತಿದರೆ ಯಾವ ಹಾಡು ಮೊದಲು ಸಿಗುತ್ತದೋ ಅದನ್ನು ಕೊನೆಯವರೆಗೆ ಕೇಳಲೇಬೇಕು, ಅದು ಕರಾರು. ‘ನು’ ಅಂದೆ, ಬ್ರೇಕಿಲ್ಲದ ಸ್ಕೂಟರಿನಂಥ ಹಾಡು ಸಿಕ್ಕಿತು. ‘ಹೊ’ ಅಂದೆ, ಕೆರೆ ಏರಿಯ ಆಚೆ ಇರುವ ಯಾರನ್ನೋ ಕೂಗಿ ಕರೆಯುವಂಥದ್ದು ಬಂತು. ಒಲೆಯ ಮೇಲಿನ ಹಾಲು ಉಕ್ಕಿದ್ದೂ ನನಗೆ ತಿಳಿಯಲಿಲ್ಲ.

ಆ ದನಿಗೆ ಉಸಿರು ಬೇಡ. ಎಲ್ಲೂ ನಿಲ್ಲದೆ ಓಡುತ್ತದೆ. ಬಿಂದುವಿಗೆ ಉಸಿರು ಬೇಕಲ್ಲ. ಎಲ್ಲಿ ಕದ್ದು ಒಂದು ಗುಟುಕು ಎಳೆದುಕೊಳ್ಳಬಹುದು ಎಂದು ಆ ‘ರು’ ಹಾಡಿನ ಒಂದೊಂದು ಸಾಲನ್ನೂ ಬಿಡಿಸಿ, ಪಾತ್ರೆ ತೊಳೆಯುತ್ತಾ, ಬಸ್ಸಿಗೆ ಕಾಯುತ್ತಾ ಹಾಡಿ ಹಾಡಿ ದಾರಿ ಮಾಡಿಕೊಂಡಳು. ನೀನು ತಡೆದದ್ದು ಆ ಎರಡನೇ ಸಾಲಿನ ಕೊನೆಯಲ್ಲಿ, ಅವಳು ಉಸಿರೆಳೆಯುವ ಜಾಗದಲ್ಲೇ.

ಈಗ ಏನಾಗಿದೆ ಕೇಳು. ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು “ಕಂಪ್ಯೂಟ್ರಕ್ಕ, ಒಂದ್ ಹಾಡು ಒತ್ತಲೇನಕ್ಕ?” ಅಂತ ಕೂಗುತ್ತಾರೆ. ಬಿಂದು ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದ್ದಾಳೆ. ಮಾರ್ಚಿನಲ್ಲಿ ಪಿಯುಸಿ ಪರೀಕ್ಷೆ. ರಾಜಶೇಖರ ಫೋನು ಕಿತ್ತು ಬೀರುವಿನಲ್ಲಿಟ್ಟಿದ್ದಾನೆ. “ಊರ ಮುಂದೆ ಸುಳ್ಳಿ ಅನ್ನಿಸ್ಕಂಡ್ ಬಂದವ್ಳೆ, ಓದಿದ್ದು ಸಾಕು” ಅನ್ನುತ್ತಾನೆ. ನಾನು ಜಗಳವಾಡಿ ನೋಡಿದೆ. ಅವನಿಗೆ ನನ್ನ ಮಾತಿಗಿಂತ ನಿನ್ನ ಮೈಕು ದೊಡ್ಡದಾಗಿದೆ.

ಇನ್ನು ನಿನಗೆ ಒಂದು ನೆನಪು. 1984, ಚಿತ್ರದುರ್ಗದ ನಮ್ಮ ಕಾಲೇಜು, ವಾರ್ಷಿಕೋತ್ಸವದ ಗೀತ ಸ್ಪರ್ಧೆ. ಧರ್ಮಪುರದ ನಿನ್ನ ಅಜ್ಜಿ ಚಂದ್ರಕ್ಕ ಹೇಳಿಕೊಟ್ಟ ಪದ ನೀನು ಹಾಡಿದೆ. ಕನ್ನಡದ ಮೇಷ್ಟ್ರು, “ಕವಿ ಯಾರಮ್ಮ?” ಅಂದರು. “ಯಾರೂ ಇಲ್ಲ ಸಾರ್, ಶೇಂಗಾ ಸುಲಿಯೋವಾಗ ಬರ್ತೈತೆ” ಅಂದೆ ನೀನು. ಅವತ್ತೂ ಸಭೆ ಹೀಗೇ ನಕ್ಕಿತು. ಬರೆದವರಿಲ್ಲದ್ದು ಹಾಡಲ್ಲ ಎಂದು ನಿನ್ನನ್ನು ಇಳಿಸಿದರು. ಹಾಸ್ಟೆಲಿನಲ್ಲಿ ಗಂಟು ಕಟ್ಟಿಕೊಂಡು, “ಊರಿಗೆ ಹೋಗ್ತೀನಿ ಕಣೆ ದಾಕ್ಷಿ, ಇನ್ನು ಬರಾದಿಲ್ಲ” ಅಂತ ಕೂತವಳು ನೀನು. ನಾವು ಹುಡುಗಿಯರೆಲ್ಲ ಪ್ರಿನ್ಸಿಪಾಲರ ಬಾಗಿಲಲ್ಲಿ ಕೂತೆವು. ಮಾರನೆಯ ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಆ ಮೇಷ್ಟ್ರು ಎಲ್ಲರೆದುರು, “ತಪ್ಪು ನನ್ನದು, ಆ ಹುಡುಗಿ ಹಾಡಿದ್ದು ಹಾಡೇ” ಎಂದರು. ನೀನು ಗಂಟು ಬಿಚ್ಚಿದೆ.

ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ಹೇಳಲು ಹೊರಟರೆ ನೀನು, “ಮಕ್ಳಾಟಕ್ಕೆ ಎಷ್ಟು ಉದ್ದ ಮಾಡ್ತಿಯೇ! ಹುಡುಗಿನ ಮನಿಗೆ ಕರ್ಕಂಡ್ ಬಾ, ಹೋಳಿಗೆ ಮಾಡ್ತೀನಿ, ಸಮಾಧಾನ ಹೇಳ್ತೀನಿ” ಅಂದೆ. ಬೇಡ. ಮೈಕಿನಲ್ಲಿ ಆಡಿದ್ದನ್ನು ಅಡುಗೆಮನೆಯಲ್ಲಿ ತೊಳೆಯುವುದಕ್ಕೆ ಆಗುವುದಿಲ್ಲ.

ಹದಿನಾರನೇ ತಾರೀಖು ಭಾನುವಾರ ಅದೇ ವೇದಿಕೆಯಲ್ಲಿ ಬಹುಮಾನ ವಿತರಣೆ ಇದೆ. ನಾನು ಬಿಂದುವನ್ನೂ ಅವಳ ಅಪ್ಪನನ್ನೂ ಕರೆತರುತ್ತೇನೆ, ಎಳೆದುಕೊಂಡಾದರೂ ಸರಿ. ಬಹುಮಾನ ನಮಗೆ ಬೇಡ. ಅದೇ ಮೈಕು ಹಿಡಿದು, ಆ ಹಾಡು ಇದೆಯೋ ಇಲ್ಲವೋ, ಹುಡುಗಿ ಹೇಳಿದ್ದು ನಿಜವೋ ಸುಳ್ಳೋ, ನೀನು ಹೇಳಬೇಕು. ನನಗಲ್ಲ. ಅವತ್ತು ನಕ್ಕವರೆಲ್ಲರಿಗೂ ಉತ್ತರ ಕೊಡು.

ಇಂದಿಗೂ ನಿನ್ನ ಗೆಳತಿಯೇ ಆಗಿರುವ,
ದಾಕ್ಷಾಯಣಮ್ಮ

ಮರೆತು ಬಿಟ್ಟಿದ್ದಲ್ಲ, ಬರೆಯಲೋ ಬೇಡವೋ ಎಂದು ಕೊನೆಗೆ ಉಳಿಸಿಕೊಂಡಿದ್ದು: ಬಿಂದುವಿನ ಸಹಪಾಠಿ ಅಂಜಲಿ ಸಭೆಯಲ್ಲಿ ಕೂತು ಫೋನಿನಲ್ಲಿ ತೆಗೆದ ವಿಡಿಯೋ ನನ್ನ ಹತ್ತಿರ ಇದೆ. ವೇದಿಕೆಯಲ್ಲಿ ಬಿಂದು ನಿಂತುಹೋಗುತ್ತಾಳೆ, ನಿನ್ನ ಮಾತು, ನಗು. ಆ ಗದ್ದಲದೊಳಗೆ, ಫೋನಿನ ಪಕ್ಕದಲ್ಲೇ, ಒಂದು ಸಣ್ಣ ದನಿ ಬಿಂದು ಬಿಟ್ಟಲ್ಲಿಂದ ಮೂರನೇ ಸಾಲು ಹಿಡಿದುಕೊಂಡು ಹಾಡುತ್ತದೆ, ನೀನು ‘ಸೊನ್ನೆ’ ಅನ್ನುವವರೆಗೂ. ಆಮೇಲೆ ನಿಲ್ಲುತ್ತದೆ. ಆ ದನಿ ನಿನ್ನ ಕಿರಿಮಗಳು ರಮ್ಯಳದ್ದು. ವಿಡಿಯೋ ಯಾರಿಗೂ ತೋರಿಸಿಲ್ಲ, ತೋರಿಸುವುದೂ ಇಲ್ಲ. ಬಿಂದು ಮುಚ್ಚಿಟ್ಟ ಗೆಳತಿಯ ಹೆಸರನ್ನು ನಾನು ಊರಿಗೆ ಹೇಳಲಾರೆ. ಭಾನುವಾರ ರಮ್ಯಳನ್ನೂ ಕರೆದುಕೊಂಡು ಬಾ. ಮುಂದಿನ ಸಾಲು ಅವಳಿಗೂ ಬರುತ್ತದೆ.