ಉಳ್ಳಾಗಡ್ಡಿ ಟ್ರೇಲರಿನಲ್ಲಿ ಬಂದ ಕಾರು

ಹರ್ತಿಯ ಯಮನೂರಸಾಬಣ್ಣನವರಿಗೆ, ಬೆಟಗೇರಿಯ ಕಾಂಚನಾಳ ನಮಸ್ಕಾರ.

ಕಾರಿಗೆ ವಾರಂಟಿಯಲ್ಲೇ ಹೊಸ ಗೇರ್‌ಬಾಕ್ಸ್ ಹಾಕಿಕೊಟ್ಟರು. ಎಡಗಾಲಿಗೆ ಬಲವಿಲ್ಲದ ನಾನು ಓಡಿಸಬಲ್ಲದ್ದು ಕ್ಲಚ್ ಇಲ್ಲದ ಆ ಕಾರೊಂದೇ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದಿದ್ದರಿಂದ ಗೇರ್‌ಬಾಕ್ಸ್ ಕೆಟ್ಟಿತು, ವಾರಂಟಿ ಸಿಗದು ಎಂದು ಷೋರೂಮಿನವರು ಮೊದಲು ಬರೆದುಕೊಟ್ಟ ಸುಳ್ಳನ್ನು ನಾನು ಮರೆಯುವವಳಲ್ಲ.

ಮುಂಡರಗಿ ರಸ್ತೆಯಲ್ಲಿ ಕಾರು ನಿಂತಾಗ, ಮಾರುಕಟ್ಟೆಗೆ ಹೊರಟಿದ್ದ ಉಳ್ಳಾಗಡ್ಡಿಯನ್ನೆಲ್ಲ ನೀವು ನಿಮ್ಮ ಟ್ರ್ಯಾಕ್ಟರಿನ ಟ್ರೇಲರಿನಿಂದ ಕೆಳಗಿಳಿಸಿದ್ದನ್ನೂ ಮರೆಯುವುದಿಲ್ಲ. ಹೊಲದ ಒಡ್ಡಿಗೆ ಟ್ರೇಲರ್ ಹಚ್ಚಿ ಕಾರನ್ನು ತಳ್ಳಿ ಏರಿಸಿದಿರಿ. ಆಮೇಲೆ ಷೋರೂಮಿಗೂ ಬಂದಿರಿ.

"ಎಳದಿಲ್ರಿ ಸಾಹೇಬ್ರ, ಹೇರ್ಕೊಂಡ ಬಂದೇನಿ. ಸ್ವಲ್ಪ ಬಗ್ಗಿ ನೋಡ್ರಿ, ಗಾಲಿ ತುಂಬ ನಮ್ಮ ಉಳ್ಳಾಗಡ್ಡಿ ಸಿಪ್ಪಿ ಅದಾವು."

ಮ್ಯಾನೇಜರು ಬಗ್ಗಲೇಬೇಕಾಯಿತು.

ಖೈರುನಬಿ ವೈನಿ ಲಕ್ಷ್ಮೇಶ್ವರದ ತವರಿಗೆ ಹೊರಡುವ ದಿನ ತಿಳಿಸಿ. ಅವರು ಒಯ್ಯುವ ಉಳ್ಳಾಗಡ್ಡಿ ಚೀಲಕ್ಕೆ ಡಿಕ್ಕಿ ಖಾಲಿ ಇಟ್ಟಿದ್ದೇನೆ. ಓಡಿಸುವವಳು ನಾನೇ.

ನಿಮ್ಮ ತಂಗಿ,
ಕಾಂಚನಾ