ಮೆಣಸಿನ ಗಿಡಕ್ಕೆ ಹುಲ್ಲಿನೆಣ್ಣೆ

ಸತ್ತೇಗಾಲ
೧೮-೯-೧೯೭೨

ಮಗಳೇ ಸುವರ್ಣಾ,

ನಿನಗೂ ಅಳಿಯಂದಿರಿಗೂ ಆಶೀರ್ವಾದ. ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ನಿನ್ನಪ್ಪ ಈ ಮನೆಯಲ್ಲಿರುವಾಗ ಆ ಮಾತು ಬರೆಯಲು ಕೈ ಬರುತ್ತಿಲ್ಲ.

ಗೌರಿ ಹಬ್ಬಕ್ಕೆ ಮಾವ ಏನು ಕೊಟ್ಟ ಎಂದು ಕೇಳಿದ್ದೆ. ಏನೂ ಇಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ನನ್ನ ತಮ್ಮ ಸದಾಶಿವ ಬಾಗಿನ ತಪ್ಪಿಸಿದ್ದು ಇದೇ ಮೊದಲು. ಕಾರಣ ನಿನ್ನಪ್ಪ. ಕಬ್ಬಿನ ಕಳೆಗೆಂದು ಕೊಳ್ಳೇಗಾಲದಿಂದ ಕಳೆನಾಶಕ ತಂದರು. ಆಷಾಢದ ಗಾಳಿ, ಇವತ್ತು ಬೇಡ ಎಂದೆ. ನನ್ನ ಮಾತು ಯಾವತ್ತು ಅವರ ಕಿವಿಗೆ ಬಿದ್ದಿದೆ? ತುಂತುರೆಲ್ಲ ಬದುವಿನಾಚೆ ಸದಾಶಿವನ ಮೆಣಸಿನ ಗಿಡಗಳ ಮೇಲೆ ಹೋಗಿ ಕೂತಿತು. ಎಲೆ ಮುದುರಿತು, ಕುಡಿ ತಿರುಚಿಕೊಂಡಿತು. ಅವನ ಹೆಂಡತಿ ಚಿಕ್ಕಬಸಮ್ಮ ಹೊಲದಲ್ಲೇ ಕೂತು ಅತ್ತಳು. ನಿನ್ನಪ್ಪ ತಪ್ಪಾಯಿತು ಎನ್ನಲಿಲ್ಲ. "ಅದ್ಕೂ ಒಂದು ದಾರಿ ಐತೆ, ತಡೀರಿ" ಎಂದು ಬಂದುಬಿಟ್ಟರು. ಅಂದಿನಿಂದ ಎರಡು ಮನೆಗೂ ಮಾತೇ ನಿಂತಿತ್ತು.

ದಾರಿ ಯಾವುದು ಗೊತ್ತೇ? ಕೆಲವು ಗಿಡಗಳ ವಾಸನೆಯೆಣ್ಣೆಯನ್ನು ಮೊದಲೇ ಹೊಡೆದಿದ್ದರೆ ಪೈರಿಗೆ ಕಳೆನಾಶಕದ ಪೆಟ್ಟು ಕಡಿಮೆಯಾಗಬಹುದೆಂದು ಬಸ್ಸಿನಲ್ಲಿ ಯಾರೋ ಹೇಳಿದರಂತೆ. 'ಆಗಬಹುದು' ಎಂದದ್ದು ಇವರಿಗೆ 'ಆಗುತ್ತದೆ' ಎಂದು ಕೇಳಿಸಿದೆ. ಹಿತ್ತಲಲ್ಲಿ ನಿಂಬೆ ವಾಸನೆ ಬೀರುವ ಮಜ್ಜಿಗೆ ಹುಲ್ಲನ್ನೆಲ್ಲ ಕೊಯ್ದು, ನನ್ನ ಇಡ್ಲಿ ಪಾತ್ರೆಯಲ್ಲಿ ಕುದಿಸಿ, ಆವಿ ಹಿಡಿದು ಎಣ್ಣೆ ಇಳಿಸಿದರು. ಈಗ ಇಡ್ಲಿಗೂ ಅದೇ ವಾಸನೆ. ಅಷ್ಟಕ್ಕೇ ಬಿಟ್ಟರೇ? ಪರೀಕ್ಷೆಗೆ ನನ್ನ ಹಿತ್ತಲ ಮೆಣಸಿನ ಗಿಡಗಳೇ ಬೇಕಾದವು! ಒಂದು ಸಾಲಿಗೆ ಸೀಗೆ ನೀರಲ್ಲಿ ಕಲಕಿದ ಎಣ್ಣೆ ಹೊಡೆದು, ಇನ್ನೊಂದನ್ನು ಹಾಗೇ ಬಿಟ್ಟು, ಮರುದಿನ ಎರಡಕ್ಕೂ ಕಳೆನಾಶಕ ಹೊಡೆದರು. ಇಂಥವರ ಜೊತೆ ಹೇಗೆ ಬಾಳಲಿ ಹೇಳು.

ಹೊಟ್ಟೆ ಉರಿದರೂ ಕಂಡದ್ದನ್ನು ಬರೆಯುತ್ತೇನೆ. ಎಣ್ಣೆ ಹೊಡೆಯದ ಸಾಲು ಸತ್ತೇ ಹೋಯಿತು. ಎಣ್ಣೆಯ ಸಾಲೂ ಮುದುರಿತು, ಆದರೆ ಮೆಲ್ಲಗೆ ಚೇತರಿಸಿಕೊಂಡು ಹೊಸ ಕುಡಿ ಬಿಟ್ಟಿತು. ಹಬ್ಬ ಕಳೆದ ಮೇಲೆ ನಿನ್ನಪ್ಪ ಅದರಲ್ಲೊಂದು ಗಿಡವನ್ನು ಬೇರುಸಹಿತ ಕಿತ್ತುಕೊಂಡು ಸದಾಶಿವನ ಮನೆಗೆ ಓಡಿದರು. ಜಗಳವಾದೀತೆಂದು ನಾನೂ ಹಿಂದೆಯೇ ಹೋದೆ. ಅವನು ಗಿಡದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಎಣ್ಣೆ ಒಡ್ದು ಆಮೇಲೆ ಇಸ ಒಡೆಯೋ ಬದ್ಲು, ಇಸಾನೇ ಒಡೀದಿದ್ರೆ ಆಗಕಿಲ್ವಾ ಬಾವ?"

ಯಾವ ಮಾತಿಗೂ ಎದುರು ಮಾತಾಡುವ ನಿನ್ನಪ್ಪ ತಲೆ ತಗ್ಗಿಸಿದರು. "ತಪ್ಪಾಯ್ತು ಕಣಪ್ಪ. ನಿನ್ ಬದೀಲಿ ಇನ್ಮೇಲೆ ಕೈಯಲ್ಲೇ ಕಳೆ ಕೀಳ್ತೀನಿ" ಎಂದರು. ನನಗೇ ನಂಬಿಕೆ ಬರಲಿಲ್ಲ. ಚಿಕ್ಕಬಸಮ್ಮ ಒಳಗೆ ಹೋಗಿ ಕಾಫಿ ತಂದಿಟ್ಟಳು.

ಇವತ್ತು ಬೆಳಿಗ್ಗೆ ಸದಾಶಿವ ತಾನಾಗಿಯೇ ಬಂದ. "ಆ ಕಡೆ ಒಲದ ಶಿವನಂಜಯ್ಯನೂ ಇಸ ತಂದವ್ನೆ ಬಾವ. ಏಳುದ್ರೆ ಕೇಳಕಿಲ್ಲ. ಒಂದ್ ಸೀಸೆ ಎಣ್ಣೆ ಕೊಡಿ" ಎಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈಗ ಇಬ್ಬರೂ ನನ್ನ ಅಡುಗೆಮನೆಯಲ್ಲಿ ಕೂತು ಹುಲ್ಲು ಕುದಿಸುತ್ತಿದ್ದಾರೆ. ಒಲೆ ಯಾವಾಗ ಬಿಡುತ್ತಾರೋ, ಅನ್ನ ಯಾವಾಗ ಬೇಯುತ್ತದೋ!

ಇತಿ,
ಸಿಡುಕಿ ಸಿಡುಕಿ ಸಾಕಾದ ನಿನ್ನ ಅವ್ವ,
ಮಹಾದೇವಮ್ಮ

ತಾ.ಕ.: ಮಿಕ್ಕ ಕಳೆನಾಶಕದ ಡಬ್ಬವನ್ನು ಯಳಂದೂರಿಗೆ ಕಳಿಸಿ, ನಮ್ಮ ಗದ್ದೆಗೆ ಬೇಕು ಎಂದು ಅಳಿಯಂದಿರು ಹೇಳಿಕಳಿಸಿದ್ದಾರೆ. ಮುಗಿಯಿತಂತೆ ಎಂದುಬಿಡು. ನಿನ್ನಪ್ಪನೂ ಅದನ್ನೇ ಹುಡುಕುತ್ತಿದ್ದಾರೆ. ಹೆಗ್ಗಣ ಎಳೆದುಕೊಂಡು ಹೋಗಿರಬೇಕು ಎಂದಿದ್ದೇನೆ. ಅದು ಕೊಟ್ಟಿಗೆಯ ಸೂರಿನಲ್ಲಿರುವುದು ನನಗೊಬ್ಬಳಿಗೇ ಗೊತ್ತಿತ್ತು, ಈಗ ನಿನಗೂ.